ದಿನ ತುಂಬುತ್ತಾ ಬಂದಂತೆ ಎದೆ ಯಾಕೆ ಡವಡವ? ಹೆರಿಗೆ ಮುಂಚಿನ ಆತಂಕದ ಹಿಂದೆ ಏನೇನಿದೆ

ಕುಬಸದ (ಸೀಮಂತದ) ಊಟ ಮುಗಿದ ಮೇಲೆ ನಮ್ಮ ಕಡೆ ಒಂದು ಮಾತಿನ ಸುತ್ತು ಶುರುವಾಗುತ್ತದೆ. ಹಸಿರು ಬಳೆ ಇಟ್ಟುಕೊಂಡು, ತಲೆ ತುಂಬ ಹೂ ಮುಡಿದು ಕೂತ ಬಸುರಿಯ ಮುಂದೆಯೇ ಹಿರಿಯ ಹೆಂಗಸರು ತಮ್ಮ ತಮ್ಮ ಹೆರಿಗೆಯ ಕಥೆ ಬಿಚ್ಚುತ್ತಾರೆ. ಒಬ್ಬರು ಎರಡು ದಿನ ಬ್ಯಾನಿ, ಅಂದರೆ ಹೆರಿಗೆ ನೋವು, ತಿಂದಿದ್ದರು. ಇನ್ನೊಬ್ಬರಿಗೆ ಕೂಸು ಅಡ್ಡ ತಿರುಗಿತ್ತು. ಮತ್ತೊಬ್ಬರನ್ನು ರಾತ್ರೋರಾತ್ರಿ ಹುಬ್ಬಳ್ಳಿಗೆ ಒಯ್ದಿದ್ದರು. ಎಲ್ಲ ಹೇಳಿ ಮುಗಿಸಿ, ಕೊನೆಗೆ ಆ ಹುಡುಗಿಯ ಕೆನ್ನೆ ಸವರಿ ಹೇಳುವುದು ಒಂದೇ ಮಾತು: "ಏನೂ ಆಗಂಗಿಲ್ಲ ತಗೊ, ಹೆದರಬ್ಯಾಡ."

ಇಷ್ಟು ಕೇಳಿದ ಮೇಲೆ ಹೆದರದೆ ಇರೋದು ಹೆಂಗೆ, ಅಲ್ವಾ?

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ ಬಂದಾಗ ಗದಗ, ಹಾವೇರಿ, ಧಾರವಾಡ ಕಡೆಯ ಬಸುರಿಯರ ಮನೆಗಳಲ್ಲೂ ಅದೇ ಮಾತು. ಟಿವಿ ಬಂದ್ ಮಾಡಬಹುದು, ತಲೆಯೊಳಗಿನ ಲೆಕ್ಕ ಬಂದ್ ಮಾಡೋಕಾಗಲ್ಲ. ಹೆರಿಗೆ ಹತ್ತಿರ ಬಂದಾಗ ಈ ಆತಂಕ ಯಾಕೆ ಏರುತ್ತದೆ? ಕೆಲವರಿಗೆ ಮಾತ್ರ ಜಾಸ್ತಿ ಯಾಕೆ? ಯಾವಾಗ ಡಾಕ್ಟರಿಗೆ ಹೇಳಬೇಕು? ಬುಡದಿಂದ ನೋಡೋಣ.

ಭಯ ಬೇರೆ, ಆತಂಕ ಬೇರೆ

ಹಾವು ಕಂಡಾಗ ಬರುವುದು ಭಯ. ಕಾರಣ ಕಣ್ಣೆದುರಿಗೇ ಇದೆ. ಹಾವು ಸರಿದು ಹೋದರೆ ಭಯವೂ ಹೋಗುತ್ತದೆ. ಆತಂಕ ಇನ್ನೂ ಬಾರದ್ದರ ಬಗ್ಗೆ. "ಹಿಂಗಾದರೆ ಏನು ಮಾಡೋದು" ಅನ್ನುವ ಪ್ರಶ್ನೆಯೇ ಅದರ ಬೀಜ. ಸರಿದು ಹೋಗಲು ಅಲ್ಲಿ ಹಾವೇ ಇರುವುದಿಲ್ಲ. ಅದಕ್ಕೇ ಅದು ಬೇಗ ಇಳಿಯುವುದಿಲ್ಲ.

ಹೊಲ ಕಾಯುವ ನಾಯಿಯನ್ನು ನೆನೆಸಿಕೊಳ್ಳಿ. ಕಳ್ಳ ಬಂದಾಗ ಬೊಗಳಿದರೆ ಒಳ್ಳೆಯದೇ, ಅದಕ್ಕೇ ಸಾಕಿರುತ್ತೇವೆ. ಎಲೆ ಅಲ್ಲಾಡಿದರೂ ರಾತ್ರಿಯಿಡೀ ಬೊಗಳುತ್ತಿದ್ದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹೆರಿಗೆ ಬಗ್ಗೆ ಸ್ವಲ್ಪ ಆತಂಕ ಮೊದಲನೇ ಥರದ್ದು. ತಪಾಸಣೆ ತಪ್ಪಿಸಬೇಡ, ಬ್ಯಾಗು ಕಟ್ಟಿಡು ಅಂತ ಅದು ಎಚ್ಚರಿಸುತ್ತದೆ. ಊಟ ಸೇರದಷ್ಟು, ದಿನದ ಕೆಲಸ ಸಾಗದಷ್ಟು ಆದಾಗ ಅದು ಎರಡನೇ ಥರದ್ದು.

ಹೆರಿಗೆಯೆಂದರೇ ಜೀವ ಝಲ್ಲೆನ್ನುವಷ್ಟು, ಬಸುರಾಗುವುದೇ ಬೇಡ ಅನ್ನುವಷ್ಟು ತೀವ್ರವಾದ ಭಯಕ್ಕೆ ಡಾಕ್ಟರುಗಳು ಬೇರೆ ಹೆಸರಿಟ್ಟಿದ್ದಾರೆ: ಟೋಕೋಫೋಬಿಯಾ. ಗ್ರೀಕ್ ಭಾಷೆಯಲ್ಲಿ ಟೋಕೋಸ್ ಅಂದರೆ ಹೆರಿಗೆ. ಒಮ್ಮೆಯೂ ಹಡೆಯದವರಿಗೂ ಇದು ಇರಬಹುದು, ಒಮ್ಮೆ ಹಡೆದು ನೊಂದವರಿಗೂ ಬರಬಹುದು.

ಕೊನೆಯ ಮೂರು ತಿಂಗಳಲ್ಲೇ ಯಾಕೆ ಏರುತ್ತದೆ

ಮೊದಲ ಮೂರು ತಿಂಗಳಲ್ಲಿ ಚಿಂತೆ ಬೇರೆ. ಗರ್ಭ ನಿಲ್ಲುತ್ತದೋ ಇಲ್ಲವೋ ಅನ್ನುವುದು. ನಡುವಿನ ತಿಂಗಳುಗಳಲ್ಲಿ ವಾಂತಿ ನಿಲ್ಲುತ್ತದೆ, ಕೂಸು ಅಲ್ಲಾಡೋದು ಗೊತ್ತಾಗುತ್ತದೆ, ಬಹಳ ಮಂದಿಗೆ ಮನಸ್ಸು ಹಗುರ. ಕೊನೆಗೆ ಮತ್ತೆ ಏರು.

ಒಂದು ಕಾರಣ ಕಾಯುವಿಕೆ. ಡಾಕ್ಟರು ಬರೆದುಕೊಡುವ ಹೆರಿಗೆ ತಾರೀಖು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಅಂದಾಜು. ಸರಿಯಾಗಿ ಅದೇ ದಿನ ಹುಟ್ಟುವ ಕೂಸುಗಳು 20ರಲ್ಲಿ ಒಂದು ಇದ್ದಾವು, ಅಷ್ಟೇ. 37ನೇ ವಾರ ದಾಟಿದ ಮೇಲೆ ಯಾವತ್ತಾದರೂ ಆಗಬಹುದು. ಹಳ್ಳಿಯ ಕಟ್ಟೆ ಮೇಲೆ ವಸ್ತಿ ಬಸ್ಸಿಗೆ ಕಾದವರಿಗೆ ಇದು ಗೊತ್ತು. ಬಸ್ಸು ಬರುವುದು ಖಾತ್ರಿ, ಯಾವಾಗ ಅನ್ನುವುದು ಗೊತ್ತಿಲ್ಲ. ಎದ್ದು ಹೋಗುವಂತಿಲ್ಲ, ಕೂರುವಂತೆಯೂ ಇಲ್ಲ.

ಎರಡನೆಯದು ನಿದ್ದೆ. ಹೊಟ್ಟೆ ಭಾರ, ಮಗ್ಗುಲು ಬದಲಿಸಲು ಕಷ್ಟ, ತಾಸಿಗೊಮ್ಮೆ ಬಚ್ಚಲಿಗೆ ಎದ್ದು ಹೋಗಬೇಕು. ನಿದ್ದೆಗೆಟ್ಟ ಮಿದುಳು ಸಣ್ಣದನ್ನೂ ದೊಡ್ಡದು ಮಾಡುತ್ತದೆ. ಆತಂಕ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಆತಂಕ ಹೆಚ್ಚಿಸುತ್ತದೆ. ಇದರ ಜೊತೆ, ಒತ್ತಡದ ಹೊತ್ತಿನಲ್ಲಿ ಮೈಯಲ್ಲಿ ಏರುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳ ಹೊತ್ತಿಗೆ ಸಹಜವಾಗಿಯೇ ಏರಿರುತ್ತದೆ.

"ನಂಟು ಇದೆ" ಅಂದರೆ "ಅದರಿಂದಲೇ ಆಯಿತು" ಅಂತಲ್ಲ

ಹೆರಿಗೆ ಮುಂಚಿನ ಆತಂಕದ ಬಗ್ಗೆ ನಡೆದ ಅಧ್ಯಯನಗಳ ಸುದ್ದಿ ಓದುವಾಗ ಒಂದು ಮಾತು ಪದೇಪದೇ ಬರುತ್ತದೆ: ಇಂಥಿಂಥ ಅಂಶಗಳಿಗೂ ಆತಂಕಕ್ಕೂ ನಂಟಿದೆ. ಇದನ್ನು ಬಹಳ ಮಂದಿ ತಪ್ಪು ಓದುತ್ತಾರೆ. ಮೋಡಕ್ಕೂ ಮಳೆಗೂ ನಂಟಿದೆ. ಹಾಗಂತ ಮೋಡ ಕಂಡಾಗೆಲ್ಲ ಮಳೆಯಾಗಲ್ಲ. ಅದು ನಮ್ಮ ಕಡೆ ರೈತರಿಗಂತೂ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಬರುವ ಪಟ್ಟಿಯಲ್ಲಿ ನಾಲ್ಕು ಅಂಶ ನಿಮ್ಮಲ್ಲಿದ್ದರೂ ಆತಂಕ ಕಾಡದೆ ಇರಬಹುದು. ಒಂದೂ ಇಲ್ಲದೆಯೂ ಕಾಡಬಹುದು. ಹಲವು ಅಂಶ ಒಟ್ಟಿಗೆ ಕೂಡಿದಾಗ ಸಾಧ್ಯತೆ ಜಾಸ್ತಿ, ಅಷ್ಟೇ ಅದರ ಅರ್ಥ.

ಯಾವುದೆಲ್ಲ ಆತಂಕ ಹೆಚ್ಚಿಸುತ್ತದೆ

ಮೊದಲನೇ ಹೆರಿಗೆಯವರಿಗೆ ಗೊತ್ತಿಲ್ಲದ್ದರ ಅಂಜಿಕೆ. ಬ್ಯಾನಿ ಅಂದರೆ ಹೇಗಿರುತ್ತದೆ, ಹೆರಿಗೆ ಕೋಣೆಯೊಳಗೆ ಏನು ಮಾಡುತ್ತಾರೆ, ತಡೆದುಕೊಳ್ಳಲು ನನ್ನಿಂದ ಆಗುತ್ತದೋ. ಎರಡನೆಯದು ಅಂದರೆ ಸಲೀಸು ಅಂತ ಮನೆಯವರು ತಿಳಿಯುತ್ತಾರೆ. ಯಾವಾಗಲೂ ಹಾಗಿಲ್ಲ. ಹಿಂದೊಮ್ಮೆ ಗರ್ಭ ಹೋಗಿದ್ದರೆ, ಕೂಸು ತೀರಿಕೊಂಡಿದ್ದರೆ, ತುರ್ತು ಸಿಸೇರಿಯನ್ ಆಗಿದ್ದರೆ, ಹೆರಿಗೆ ಹೊತ್ತಿನಲ್ಲಿ ಯಾರಾದರೂ ಗದರಿಸಿ ಅವಮಾನ ಮಾಡಿದ್ದರೆ ಆ ನೆನಪು ದೇಹದಲ್ಲೇ ಉಳಿದಿರುತ್ತದೆ. ಆಸ್ಪತ್ರೆಯ ಫಿನಾಯಿಲ್ ವಾಸನೆ ಸಾಕು, ಕೈ ಬೆವರಲು. ಮೊದಲೇ ಆತಂಕ ಅಥವಾ ಖಿನ್ನತೆ ಇದ್ದವರಲ್ಲಿ ಅದು ಬಸುರಿನಲ್ಲಿ ಮರಳಿ ಬರುವ ಸಾಧ್ಯತೆಯೂ ಜಾಸ್ತಿ. ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಗಟ್ಟಿ ಅಂಶಗಳಲ್ಲಿ ಇದೂ ಒಂದು.

ಇನ್ನು ಕಿವಿಗೆ ಬಿದ್ದ ಕಥೆಗಳು. ಹೆರಿಗೆ ಹೆಣ್ಣಿಗೆ ಮರುಜನ್ಮ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಅಜ್ಜಿಯರ ಕಾಲದಲ್ಲಿ ಮನೆಯಲ್ಲೇ ಹೆರಿಗೆ, ಸೂಲಗಿತ್ತಿಯ ಕೈಯಲ್ಲಿ. ತೊಡಕಾದರೆ ಚಕ್ಕಡಿಯೇ ಗತಿ. ಈಗ ಲೆಕ್ಕ ಬೇರೆ. 2004-06ರಲ್ಲಿ ಕರ್ನಾಟಕದಲ್ಲಿ ಹುಟ್ಟುವ 1 ಲಕ್ಷ ಜೀವಂತ ಕೂಸುಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. 69 ಅನ್ನೋದು ಕಡಿಮೆಯೇನಲ್ಲ, ಕೇರಳದಲ್ಲಿ ಆಗ 19 ಇತ್ತು. ಆದರೆ ಹುಡುಗಿಯ ಕಿವಿಗೆ ಬೀಳುವ ಕಥೆಗಳು ಬಹಳಷ್ಟು ಸಲ ಹಳೆಯ ಕಾಲದವು. ಜೊತೆಗೆ, ಸುಸೂತ್ರವಾಗಿ ಹಡೆದು ಮೂರನೇ ದಿನ ಮನೆಗೆ ಬಂದವಳದ್ದು ಕಥೆಯಾಗುವುದೇ ಇಲ್ಲ. ಯಾರೂ ಅದನ್ನು ಹೇಳುತ್ತಾ ಕೂರುವುದಿಲ್ಲ, ಮೊಬೈಲಿನಲ್ಲೂ ಅದು ಓಡುವುದಿಲ್ಲ.

ಸಿಸೇರಿಯನ್ ಬಗ್ಗೆ ಅಂಜಿಕೆಗೂ ಒಂದು ಆಧಾರ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 100 ಹೆರಿಗೆಗಳಲ್ಲಿ ಸುಮಾರು 21 ಸಿಸೇರಿಯನ್, ಕರ್ನಾಟಕದಲ್ಲಿ ಸುಮಾರು 31. ಖಾಸಗಿ ಆಸ್ಪತ್ರೆಗಳಲ್ಲಿ ಇದು ಇನ್ನೂ ಹೆಚ್ಚು. "ಕೊಯ್ದೇ ತೆಗೀತಾರೇನೋ" ಅಂತ ಹುಡುಗಿ ಕೇಳಿದರೆ ಅದು ಹುಚ್ಚು ಪ್ರಶ್ನೆ ಅಲ್ಲ. ಯಾವ ಕಾರಣ ಬಂದರೆ ಮಾಡುತ್ತೀರಿ ಅಂತ ಡಾಕ್ಟರಿಗೆ ಮೊದಲೇ ಕೇಳಿಟ್ಟುಕೊಳ್ಳಬಹುದಾದ ಪ್ರಶ್ನೆ.

ನಮ್ಮ ಭಾಗದ್ದೇ ಆದ ಒಂದು ಸಂಗತಿ ಇದೆ. ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ನನಗೆ ಅನಿಸುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೋ ಒಂಬತ್ತಕ್ಕೋ ಕುಬಸ ಮಾಡಿ ಕರೆದುಕೊಂಡು ಹೋಗುತ್ತಾರೆ. ಅವ್ವನ ಕೈ ಊಟ, ಅವ್ವನ ಮಗ್ಗುಲು, ಇದರಷ್ಟು ದೊಡ್ಡ ಸಮಾಧಾನ ಬೇರೆ ಇಲ್ಲ. ಆದರೆ ಆರು ತಿಂಗಳು ಧಾರವಾಡದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದವಳು ಕೊನೆಗೆ ರೋಣದಲ್ಲೋ ಸವಣೂರಿನಲ್ಲೋ ಹೊಸಬರ ಮುಂದೆ ಕೂರಬೇಕು. ಹೊಸ ಆಸ್ಪತ್ರೆ, ಹೊಸ ನರ್ಸು, ಹೊಸ ಆಶಾ ಕಾರ್ಯಕರ್ತೆ. ಗಂಡ ದೂರ ಉಳಿಯುತ್ತಾನೆ, ಕೆಲಸಕ್ಕೆ ಬೆಂಗಳೂರಿಗೋ ಗೋವಾಕ್ಕೋ ಹೋದವನಾದರೆ ಇನ್ನೂ ದೂರ. ತಾಯಿ ಕಾರ್ಡು, ಸ್ಕ್ಯಾನಿಂಗ್ ಫೈಲು ಜೊತೆಗಿದ್ದರೆ ಅರ್ಧ ಕೆಲಸ ಸುಸೂತ್ರ. ಅವು ಗಂಡನ ಮನೆಯ ಕಪಾಟಿನಲ್ಲೇ ಉಳಿದಿದ್ದರೆ ಆ ಚಿಂತೆಯೇ ಒಂದು ವಾರ ನಿದ್ದೆ ಕೆಡಿಸುತ್ತದೆ.

ದೂರ ಮತ್ತು ದುಡ್ಡು. ಸಣ್ಣ ಆಸ್ಪತ್ರೆಯಲ್ಲಿ ತೊಡಕು ಕಂಡರೆ ಗದಗಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್‌ಗೋ ಹಾವೇರಿ ಜಿಲ್ಲಾ ಆಸ್ಪತ್ರೆಗೋ ಬರೆದುಕೊಡುತ್ತಾರೆ, ಅಲ್ಲೂ ಆಗದಿದ್ದರೆ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ. ಅದರ ಹೆಸರು ಈಗ ಕೆಎಂಸಿಆರ್‌ಐ ಆಗಿದೆ, ಜನರ ಬಾಯಲ್ಲಿ ಮಾತ್ರ ಇನ್ನೂ ಕಿಮ್ಸೇ. ಗದಗಿನಿಂದ ಹುಬ್ಬಳ್ಳಿ 60 ಕಿಲೋಮೀಟರ್ ಹತ್ತಿರ, ಹಾವೇರಿಯಿಂದ 70ಕ್ಕೂ ಜಾಸ್ತಿ. "ಹುಬ್ಬಳ್ಳಿಗೆ ಬರಕೊಟ್ರು" ಅನ್ನುವ ಮಾತೇ ಹಳ್ಳಿಗಳಲ್ಲಿ ಅರ್ಧ ಸಾವಿನ ಸುದ್ದಿಯಂತೆ ಕೇಳಿಸುತ್ತದೆ. ದೊಡ್ಡ ಆಸ್ಪತ್ರೆಗೆ ಕಳಿಸುವುದು ಕೈಚೆಲ್ಲಿದ್ದಕ್ಕಲ್ಲ. ರಕ್ತ, ಅರಿವಳಿಕೆ ಡಾಕ್ಟರು, ಕೂಸಿನ ತೀವ್ರ ನಿಗಾ ಘಟಕ ಒಂದೇ ಕಡೆ ಸಿಗಲಿ ಅಂತ. ಅದನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಆಂಬುಲೆನ್ಸಿನಲ್ಲಿ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ಖರ್ಚಿನ ವಿಷಯಕ್ಕೆ ಬಂದರೆ, 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ಇದು ಹಕ್ಕು ಅಂತ ಗೊತ್ತಿಲ್ಲದೆ ಸಾಲದ ಚಿಂತೆಯಲ್ಲಿ ಬಿದ್ದವರು ಇದ್ದಾರೆ.

ಗಂಡೇ ಬೇಕು ಅನ್ನುವ ಒತ್ತಡ. ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ. ಮೊದಲೆರಡು ಹೆಣ್ಣಾಗಿದ್ದರೆ ಅತ್ತೆಯ ಮೌನವೇ ಸಾಕು. ಕೂಸು ಗಂಡೋ ಹೆಣ್ಣೋ ಅನ್ನುವುದನ್ನು ನಿರ್ಧರಿಸುವುದು ಗಂಡನ ವೀರ್ಯಾಣುವಿನ ಎಕ್ಸ್ ಅಥವಾ ವೈ ಕ್ರೋಮೋಸೋಮು. ಶಾಲೆಯ ಪಾಠದಲ್ಲಿ ಇದು ಬಂದಿರುತ್ತದೆ, ಮನೆಗೆ ಬಂದಿರುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಮನೆಯೊಳಗಿನ ಹೊಡೆತ ಬಡಿತ, ಚುಚ್ಚು ಮಾತು, ಕುಡಿತ. ಗರ್ಭಿಣಿಯರ ಆತಂಕ, ಖಿನ್ನತೆ ಎರಡರ ಜೊತೆಗೂ ಗಂಡನ ಹಿಂಸೆಗೆ ಬಲವಾದ ನಂಟು ಇರುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅಂಥ ಮನೆಯಲ್ಲಿ "ಉಸಿರಾಟದ ವ್ಯಾಯಾಮ ಮಾಡು" ಅನ್ನುವ ಸಲಹೆಗೆ ಅರ್ಥವಿಲ್ಲ. ಮೊದಲು ಸುರಕ್ಷಿತ ಜಾಗ ಬೇಕು. ಮಹಿಳಾ ಸಹಾಯವಾಣಿ 181.

ಕೊನೆಯದು ದೇಹ. ಎದೆ ಹೊಡೆದುಕೊಳ್ಳುವುದು, ಏದುಸಿರು, ಸುಸ್ತು, ಕೈ ನಡುಕ ಇವೆಲ್ಲ ಆತಂಕದ ಲಕ್ಷಣ ನಿಜ. ರಕ್ತ ಕಡಿಮೆ ಇದ್ದರೂ ಎದೆ ಹಾಗೇ ಬಡಿದುಕೊಳ್ಳುತ್ತದೆ, ಥೈರಾಯಿಡ್ ಏರುಪೇರಾದರೂ ಕೈ ಹಾಗೇ ನಡುಗುತ್ತದೆ. ಅದೇ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಅರ್ಧದ ಹತ್ತಿರ ಮಂದಿಗೆ ರಕ್ತಹೀನತೆ ಇತ್ತು. "ಸುಮ್ನೆ ಹೆದರತಾಳ" ಅನ್ನುವ ಮೊದಲು ಹಿಮೋಗ್ಲೋಬಿನ್ ನೋಡಿಸಬೇಕು.

ಹೆದರಿದರೆ ನೋವು ಜಾಸ್ತಿ ಆಗುತ್ತದಾ?

ಇಂಜೆಕ್ಷನ್ ಮಾಡುವಾಗ ನರ್ಸು "ಕೈ ಸಡಿಲ ಬಿಡ್ರಿ" ಅನ್ನುತ್ತಾರೆ. ಬಿಗಿ ಹಿಡಿದ ಸ್ನಾಯುವಿಗೆ ಸೂಜಿ ಜಾಸ್ತಿ ನೋವು. ಹೆರಿಗೆಯಲ್ಲೂ ಇಂಥದೇ ಒಂದು ಸುತ್ತು ಇದೆ. ಭಯವಾದಾಗ ಮೈ ಬಿಗಿಯುತ್ತದೆ, ಬಿಗಿದಾಗ ನೋವು ಹೆಚ್ಚು ಅನಿಸುತ್ತದೆ, ನೋವು ಹೆಚ್ಚಿದಾಗ ಭಯ ಇನ್ನೂ ಏರುತ್ತದೆ. ಗರ್ಭಕೋಶವನ್ನು ಹಿಂಡಿ ಕೂಸನ್ನು ಕೆಳಗೆ ತಳ್ಳುವ ಹಾರ್ಮೋನು ಆಕ್ಸಿಟೋಸಿನ್. ತೀವ್ರ ಭಯದಲ್ಲಿ ಏರುವ ಅಡ್ರಿನಲಿನ್ ಈ ಕೆಲಸಕ್ಕೆ ಅಡ್ಡ ಬರಬಹುದು. ಹೆದರಿದವರಲ್ಲಿ ಬ್ಯಾನಿ ಉದ್ದ ಎಳೆಯುವುದಕ್ಕೆ ಇದೂ ಒಂದು ವಿವರಣೆ.

ಹಾಗಾದರೆ ಹೆದರಿದ್ದಕ್ಕೆ ಕೂಸಿಗೆ ತೊಂದರೆ ಆಯಿತೇ? ಈ ಪ್ರಶ್ನೆ ಹೊಸ ಆತಂಕವನ್ನೇ ಹುಟ್ಟಿಸುತ್ತದೆ. ಬಹಳ ದಿನ ತೀವ್ರವಾಗಿ ಉಳಿದು, ಚಿಕಿತ್ಸೆ ಸಿಗದ ಆತಂಕಕ್ಕೆ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಕೂಸು, ಬಾಣಂತನದ ಖಿನ್ನತೆ ಇವುಗಳ ಜೊತೆ ನಂಟು ಕಂಡಿದೆ. ಮತ್ತೆ ಅದೇ ಮೋಡ ಮಳೆಯ ಮಾತು. ಒಂದು ರಾತ್ರಿ ಅತ್ತಿದ್ದಕ್ಕೆ, ಒಂದು ವಾರ ಅಂಜಿದ್ದಕ್ಕೆ ಕೂಸಿಗೆ ಏನೂ ಆಗಲ್ಲ. "ನೀ ಹಿಂಗ ಚಿಂತಿ ಮಾಡಿದ್ರ ಕೂಸಿಗೆ ಆಗತೈತಿ ನೋಡು" ಅಂತ ಹೆದರಿಸುವುದು ಮಾತ್ರ ಯಾವ ಉಪಕಾರಕ್ಕೂ ಬರುವುದಿಲ್ಲ.

ಎಷ್ಟಾದರೆ ಡಾಕ್ಟರಿಗೆ ಹೇಳಬೇಕು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ಸುಮಾರು 100 ಗರ್ಭಿಣಿಯರಲ್ಲಿ 10 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆ, ಹಿಂದುಳಿದ ದೇಶಗಳಲ್ಲಿ 15ಕ್ಕೂ ಜಾಸ್ತಿ. ಅಂದರೆ ಚೆಕಪ್ಪಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಸಾಲಿನಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಡಾಕ್ಟರುಗಳು ಬಳಸುವ ಒಂದು ಪ್ರಶ್ನಾವಳಿ ಜಿಎಡಿ-7. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಚಿಂತೆ ತಡೆಯೋಕೆ ಆಗಲಿಲ್ಲ, ಎಷ್ಟು ದಿನ ಏನೋ ಕೆಟ್ಟದ್ದಾಗುತ್ತದೆ ಅನಿಸಿತು ಅಂತ ಏಳು ಪ್ರಶ್ನೆ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 21. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನಷ್ಟು ವಿಚಾರಿಸುತ್ತಾರೆ. ಇದು ಜ್ವರ ನೋಡುವ ಥರ್ಮಾಮೀಟರ್ ಇದ್ದಂತೆ. ಜ್ವರ ಇದೆ ಅಂತ ಹೇಳುತ್ತದೆ, ಯಾವ ಜ್ವರ ಅಂತ ಹೇಳುವುದಿಲ್ಲ.

ಪ್ರಶ್ನಾವಳಿ ಇಲ್ಲದೆಯೂ ಮನೆಯವರು ಗುರುತಿಸಬಹುದು. ಎರಡು ವಾರದಿಂದ ಹೆಚ್ಚೂಕಡಿಮೆ ದಿನಾ ಹೀಗೇ ಇದ್ದಾಳಾ? ಆಯಾಸವಾಗಿದ್ದರೂ ನಿದ್ದೆ ಇಲ್ಲವಾ? ಹೆದರಿಕೆಯಿಂದ ತಪಾಸಣೆ ತಪ್ಪಿಸುತ್ತಿದ್ದಾಳಾ? ಒಮ್ಮಿಂದೊಮ್ಮೆಲೇ ಉಸಿರು ಕಟ್ಟಿ, ಬೆವರಿ, ಸತ್ತೇ ಹೋಗುತ್ತೇನೆ ಅನ್ನುತ್ತಾಳಾ? ಹಾಗಿದ್ದರೆ ತಪಾಸಣೆಯ ಡಾಕ್ಟರಿಗೆ ಹೇಳಿ. ಬದುಕು ಬೇಡ ಅನ್ನುವ ಮಾತು ಬಂದರೆ ಅವಳನ್ನು ಒಬ್ಬಳೇ ಬಿಡಬೇಡಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 2022ರಿಂದ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮನಸ್ಸಿನ ಚಿಕಿತ್ಸೆಗೆ ಇಡೀ ಉತ್ತರ ಕರ್ನಾಟಕಕ್ಕೆ ದೊಡ್ಡ ಆಸರೆ. ಅದೇ ನಮ್ಮ ಪೇಚು ಕೂಡ. ಈ ಕಡೆ "ಧಾರವಾಡಕ್ಕ ಕಳಸಬೇಕು" ಅಂದರೆ ಹುಚ್ಚು ಹಿಡಿದಿದೆ ಅಂತ ಚೇಷ್ಟೆ. ಆ ಚೇಷ್ಟೆಗೆ ಅಂಜಿ ಎಷ್ಟು ಹೆಂಗಸರು ಬಾಯಿ ಮುಚ್ಚಿಕೊಂಡಿದ್ದಾರೋ.

ಒಂದು ಎಚ್ಚರಿಕೆ. ಜೋರು ತಲೆನೋವು ಮತ್ತು ಕಣ್ಣು ಮಂಜು, ಮುಖ ಕೈ ಊತ, ರಕ್ತಸ್ರಾವ, ಗರ್ಭದ ನೀರು ಹೋಗುವುದು, ಜ್ವರ, ಫಿಟ್ಸ್, ಕೂಸಿನ ಅಲುಗಾಟ ಕಡಿಮೆಯಾಗುವುದು ಇವನ್ನು ಆತಂಕ ಅಂತ ತಳ್ಳಿಹಾಕುವಂತಿಲ್ಲ. ತಕ್ಷಣ 108ಕ್ಕೆ ಫೋನು ಮಾಡಿ.

ಕೆಲಸ ಮಾಡುವಂಥದ್ದು ಯಾವುದು

ಮಾತಿನ ಚಿಕಿತ್ಸೆ ಮೊದಲು. ಕೆಟ್ಟ ಯೋಚನೆಯನ್ನು ಹಿಡಿದು, ಅದು ಎಷ್ಟು ನಿಜ ಅಂತ ಪರೀಕ್ಷಿಸುವುದನ್ನು ಆಪ್ತಸಮಾಲೋಚಕರು ಕಲಿಸುತ್ತಾರೆ. ತೀವ್ರವಾಗಿದ್ದರೆ ಬಸುರಿನಲ್ಲೂ ಕೊಡಬಹುದಾದ ಮಾತ್ರೆಗಳಿವೆ, ಮನೋವೈದ್ಯರು ತೂಗಿ ನೋಡಿ ಕೊಡುತ್ತಾರೆ. ಮೊದಲಿಂದ ತೆಗೆದುಕೊಳ್ಳುತ್ತಿದ್ದವರು ತಾವೇ ಒಮ್ಮೆಲೇ ನಿಲ್ಲಿಸಬಾರದು. ನಿಧಾನಕ್ಕೆ ಉಸಿರು ಎಳೆದು ಅದಕ್ಕಿಂತ ನಿಧಾನಕ್ಕೆ ಬಿಡುವುದು, ಡಾಕ್ಟರು ಬೇಡ ಅನ್ನದಿದ್ದರೆ ಸಂಜೆ ಒಂದಿಷ್ಟು ನಡೆಯುವುದು ಇವೂ ನೆರವಾಗುತ್ತವೆ.

ಹೆರಿಗೆ ಹೊತ್ತಿನಲ್ಲಿ ನೆಚ್ಚಿನವರೊಬ್ಬರು ಉದ್ದಕ್ಕೂ ಜೊತೆಗಿರುವುದಕ್ಕೆ ಗಟ್ಟಿ ಪುರಾವೆ ಇದೆ. ಅಂಥವರಲ್ಲಿ ಬ್ಯಾನಿಯ ಹೊತ್ತು ಕಡಿಮೆ, ಸಿಸೇರಿಯನ್ ಕಡಿಮೆ, ಹೆರಿಗೆ ಬಗ್ಗೆ ಕಹಿ ಅನುಭವ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲೂ ಜೊತೆಗಾರ್ತಿಯನ್ನು ಒಳಗೆ ಬಿಡಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿದೆ. ಆದರೂ ಎಲ್ಲ ಕಡೆ ಬಿಡುವುದಿಲ್ಲ, ಜಾಗ ಇಲ್ಲ ಅನ್ನುತ್ತಾರೆ. ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ, ಅವತ್ತು ಕೇಳಬಹುದು. ಹೆರಿಗೆ ಕೋಣೆ ಒಮ್ಮೆ ತೋರಿಸುತ್ತೀರಾ? ಒಳಗೆ ಅವ್ವ ಬರಬಹುದಾ? ನೋವು ಕಡಿಮೆ ಮಾಡಲು ನಿಮ್ಮಲ್ಲಿ ಏನಿದೆ? ಬ್ಯಾನಿ ಎಷ್ಟು ನಿಮಿಷಕ್ಕೊಮ್ಮೆ ಬಂದರೆ ಹೊರಡಬೇಕು?

ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಸಣ್ಣದು. "ಹೆದರಬ್ಯಾಡ" ಅನ್ನುವ ಬದಲು "ಯಾವುದಕ್ಕ ಅಂಜಿಕಿ ಆಗತೈತಿ, ಹೇಳವಾ" ಅಂತ ಕೇಳಿ ಸುಮ್ಮನಿರುವುದು. ನಮ್ಮ ಮನೆಯ ಬಸುರಿಗೆ ಹೀಗೆ ಕೇಳಿದಾಗ ಸಾವು, ನೋವು, ಆಪರೇಷನ್ನು ಅಂತ ಏನೇನೋ ಉತ್ತರ ಬರುತ್ತದೆ ಅಂದುಕೊಂಡಿದ್ದೆವು. ಬಂದದ್ದು ಇಷ್ಟೇ: "ರಾತ್ರಿ ಬ್ಯಾನಿ ಚಾಲೂ ಆದ್ರ ಗಾಡಿ ಯಾರು ತರತಾರ?" ಮರುದಿನ ಓಣಿಯ ಇಬ್ಬರು ಟಂಟಂ ಡ್ರೈವರುಗಳ ನಂಬರು, 108, ಆಶಾ ಅಕ್ಕನ ನಂಬರು, ನಾಲ್ಕನ್ನೂ ಪಡಸಾಲೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಾಯಿತು. ಅವತ್ತು ರಾತ್ರಿ ಅವಳು ಎರಡು ಸಲ ಎದ್ದಳು, ಬಚ್ಚಲಿಗೆ ಹೋಗಿ ಬಂದು ಮತ್ತೆ ಮಲಗಿದಳು.